ಅತ್ತಿ ಕೂತ ಕಲ್ಲು

ಹೋದ ತಿಂಗಳು ಹುಬ್ಬಳ್ಳಿಯ ಮಾರ್ಕೆಟ್ಟಿನಲ್ಲಿ ಮಗನ ಜೊತೆ ನಡೆಯುತ್ತಿದ್ದೆ. ಒದ್ದೆ ಗೋಣಿತಾಟು ಹೊದಿಸಿದ ಒಂದು ಬುಟ್ಟಿಯ ಹತ್ತಿರ ಕಾಲು ತಾನಾಗಿಯೇ ನಿಂತಿತು. ಎಲೆಯ ವಾಸನೆ. ಸುಣ್ಣ ಅಡಿಕೆ ಕೂಡಿದ ಮೇಲೆ ಬರುವ ಪಾನಪಟ್ಟಿ ಅಂಗಡಿಯ ವಾಸನೆಯಲ್ಲ ಅದು. ಬಳ್ಳಿಯಿಂದ ಆಗಷ್ಟೇ ಕೊಯ್ದು, ನೀರು ಚಿಮುಕಿಸಿ, ಬಾಳೆಎಲೆಯೊಳಗೆ ಒತ್ತಿ ಕಟ್ಟಿದ ಹಸಿ ವೀಳ್ಯದೆಲೆಯದು. ಸ್ವಲ್ಪ ಖಾರ, ಸ್ವಲ್ಪ ಮಣ್ಣು. “ಎಲ್ಲೀವಪಾ ಇವು?” ಎಂದು ಕೇಳಿದೆ. “ಸವಣೂರಿನವ್ರೀ ಅಮ್ಮಾರ,” ಎಂದ ಮಾರುವವನು. ಆಮೇಲೆ ಮಗ ಕರೆದದ್ದು ನನಗೆ ಕೇಳಿಸಲೇ ಇಲ್ಲವಂತೆ. ನಾನು ಆಗ ಎಲೆಯ ಬುಟ್ಟಿ ಹೇರಿದ ಒಂದು ಲಾರಿಯ ಮುಂದಿನ ಸೀಟಿನಲ್ಲಿ, ಅತ್ತಿಯ ಪಕ್ಕ ಕೂತಿದ್ದೆ…

ಅತ್ತಿ ಎಂದರೆ ನನ್ನ ಸ್ವಂತ ಅತ್ತೆಯಲ್ಲ. ಸವಣೂರಿನಲ್ಲಿ ನಮ್ಮ ಮನೆಯ ಎದುರಿಗೆ ಇದ್ದವಳು. ಓಣಿಗೆಲ್ಲ ಆಕೆ ಅತ್ತಿ, ಆಕೆಯ ಗಂಡ ಮಾವ. ಊರ ಅಂಚಿನಲ್ಲಿ ಅವರಿಗೊಂದು ಎಲೆಬಳ್ಳಿಯ ತೋಟವಿತ್ತು. ಮಾವ ಮಾತು ಕಡಿಮೆಯ ಮನುಷ್ಯ. ಅವರ ಪಾಲಿನ ಮಾತನ್ನೂ ಅತ್ತಿಯೇ ಆಡುತ್ತಿದ್ದಳು. ದೊಡ್ಡ ಮೈಕಟ್ಟು, ದೊಡ್ಡ ಕುಂಕುಮ, ಅದಕ್ಕೂ ದೊಡ್ಡ ನಗು. ತೋಟದಲ್ಲಿ ಆಕೆ ನಕ್ಕರೆ ನಮ್ಮ ಹಿತ್ತಲಿಗೆ ಕೇಳುತ್ತಿತ್ತು. ನಾನು ಆಗಷ್ಟೇ ಹೆಣ್ಣುಮಕ್ಕಳ ಸಾಲೆಯಲ್ಲಿ ಮಾಸ್ತರಿಣಿಯಾಗಿದ್ದೆ. ಅರವತ್ತರ ದಶಕ ಶುರುವಾಗಿದ್ದ ಕಾಲ. ಸಾಲೆ ಬಿಟ್ಟ ಮೇಲೆ ನೆಟ್ಟಗೆ ಆಕೆಯ ಕಟ್ಟೆಗೆ ಹೋಗಿ ಎಲೆ ಕಟ್ಟುವುದಕ್ಕೆ ಕೂರುತ್ತಿದ್ದೆ. ಕೆಲಸಕ್ಕಲ್ಲ, ಆಕೆಯ ಮಾತಿಗೆ.

ಅಷ್ಟು ಮಾತಾಡುವ ಅತ್ತಿ ಒಂದು ವಿಷಯ ಮಾತ್ರ ಎತ್ತುತ್ತಿರಲಿಲ್ಲ. ಅದು ಆಕೆಯ ತಮ್ಮನದು.

ಅತ್ತಿಯ ತವರು ಹಿರೇಕೆರೂರಿನ ಕಡೆಯ ಅಬಲೂರು. ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಈಕೆಯೇ. ಆತ ಹೊಲದ ಕೆಲಸಕ್ಕೆ ಒಗ್ಗಲಿಲ್ಲ. ಗುಡಿಯ ಕಲ್ಲುಗಳ ಮುಂದೆ ಕೂತು ಇದ್ದಿಲಿನಿಂದ ನೆಲದ ಮೇಲೆ ಬರೆಯುತ್ತಿದ್ದನಂತೆ. ದೊಡ್ಡವನಾದ ಮೇಲೆ ಮೂರ್ತಿ ಮಾಡುವುದನ್ನು ಕಲಿಯುತ್ತೇನೆಂದು ಮುಂಬೈಗೆ ಹೋದ. ಅದಕ್ಕೆ ಅತ್ತಿ ಸಿಟ್ಟಾಗಿರಲಿಲ್ಲ. ಆದರೆ ಆಕೆಯ ಒಬ್ಬಳೇ ಮಗಳ ಮದುವೆಗೆ ಆತ ಬರಲಿಲ್ಲ. ಸೋದರಮಾವ ನಿಲ್ಲಬೇಕಾದ ಜಾಗದಲ್ಲಿ ಯಾರೋ ದೂರದ ಸಂಬಂಧಿ ನಿಂತರು. ಅವತ್ತಿನಿಂದ ಅಕ್ಕ ತಮ್ಮನ ನಡುವೆ ಮಾತು ನಿಂತು ವರ್ಷಗಳೇ ಆಗಿದ್ದವು. ಯಾರಾದರೂ ಆತನ ಸುದ್ದಿ ತೆಗೆದರೆ ಅತ್ತಿ ಎದ್ದು ಒಳಗೆ ಹೋಗುತ್ತಿದ್ದಳು.

ಒಂದು ಬೇಸಿಗೆಯ ರಜೆಯಲ್ಲಿ ಆ ಸುದ್ದಿಯನ್ನು ತೆಗೆದವನು ಎಲೆಯ ಲಾರಿಯ ಡ್ರೈವರ್. ನಾವೆಲ್ಲ ಆತನನ್ನು ಚಾಚಾ ಎನ್ನುತ್ತಿದ್ದೆವು. ಸವಣೂರಿನ ಎಲೆಯನ್ನು ಘಟ್ಟದ ಕೆಳಗಿನ ಒಂದು ಬಂದರದ ಊರಿಗೆ ಒಯ್ಯುತ್ತಿದ್ದ. ಬುಟ್ಟಿ ಹೇರಿಸುತ್ತಾ ಮಾವನಿಗೆ ಹೇಳಿದ: “ನಿಮ್ಮ ಹೆಂಡ್ತಿ ತಮ್ಮ ಮುಂಬೈ ಬಿಟ್ಟು ಈಗ ಅಲ್ಲೇ ಅದಾರ್ರಿ. ಬಂದರದ ದಂಡಿ ಮ್ಯಾಲೆ ಒಂದು ದೊಡ್ಡ ಮೂರ್ತಿ ನಿಲ್ಲಿಸ್ಯಾರ. ಅದು ಮೂರ್ತೀನೋ ಏನೋ… ಕಣ್ಣಿಲ್ಲ, ಮೂಗಿಲ್ಲ. ಮಂದಿ ಭೂತದ ಬಾಯಿ ಅಂತ ನಗಾಕತ್ತಾರ. ಮಳಿಗಾಲದೊಳಗ ಬಂದರದ ಸಾಹೇಬ್ರು ಅದನ್ನ ಕಿತ್ತು ಸಮುದ್ರಕ್ಕ ಒಗಸ್ತಾರಂತ.”

ಅತ್ತಿ ಎದ್ದು ಒಳಗೆ ಹೋಗಲಿಲ್ಲ. ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟಳು.

“ನಗಾಕತ್ತಾರ? ಯಾರು?”

“ಊರ ಮಂದಿರೀ.”

“ಅವರ್ಯಾರು ನಗಾಕ? ಅವಂಗ ನಗೋದಿದ್ರ ನಾ ನಗಬೇಕು, ಬೈಯೋದಿದ್ರ ನಾ ಬೈಬೇಕು. ಚಾಚಾ, ನಾಳೆ ಲಾರಿ ಎಷ್ಟೊತ್ತಿಗೆ ಬಿಡ್ತಿ?”

ಮಾವ ತಲೆ ಎತ್ತಿ ನೋಡಿ, ಮತ್ತೆ ಎಲೆ ಕಟ್ಟತೊಡಗಿದರು. ಅವರ ಒಪ್ಪಿಗೆ ಎಂದರೆ ಅಷ್ಟೇ. ಜೊತೆಗೆ ನಾನು ಬರಬೇಕೆಂದು ಅತ್ತಿ ನಮ್ಮ ಅವ್ವನ ಹತ್ತಿರ ಬಂದು ಕೂತಳು. “ಅಲ್ಲೆ ಸಾಹೇಬ್ರು ಇರ್ತಾರ, ಇಂಗ್ಲೀಷ್ನ್ಯಾಗ ಏನರ ಅಂದ್ರ ನಾ ಏನ್ ಹೇಳ್ಲಿ? ನಿನ್ನ ಮಗಳು ಸಾಲಿ ಕಲ್ತಾಕಿ. ಕಳಸು ಯವ್ವಾ.” ಅವ್ವ ಕಳಿಸಿದಳು.

ಕೋಳಿ ಕೂಗುವ ಹೊತ್ತಿಗೆ ಹೊರಟೆವು. ಶಿಗ್ಗಾಂವಿ ದಾಟಿ, ತಡಸದಲ್ಲಿ ಚಹಾ ಕುಡಿದು, ಕಾಡಿನ ದಾರಿ ಹಿಡಿದೆವು. ಅತ್ತಿ ದಾರಿಯುದ್ದಕ್ಕೂ ತಮ್ಮನಿಗೆ ಬೈಯುವುದನ್ನು ತಾಲೀಮು ಮಾಡಿದಳು. ಮೊದಲು ಹೀಗೆ ಅನ್ನುತ್ತೇನೆ, ಅದಕ್ಕವನು ಹೀಗಂದರೆ ನಾನು ಹೀಗಂತೇನೆ… ಚಾಚಾ ನಡುನಡುವೆ ತಮ್ಮನ ಪಾತ್ರ ವಹಿಸಿ ಉತ್ತರ ಕೊಡುತ್ತಿದ್ದ. ಅತ್ತಿ ಅವನನ್ನೇ ನಿಜವಾಗಿ ಬೈದುಬಿಡುತ್ತಿದ್ದಳು. ನಕ್ಕು ನಕ್ಕು ನನ್ನ ಹೊಟ್ಟೆ ನೋಯುತ್ತಿತ್ತು. ಘಟ್ಟ ಇಳಿಯುವಾಗ ಮಾತ್ರ ನಾನೂ ಅತ್ತಿಯೂ ಕಣ್ಣು ಮುಚ್ಚಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದೆವು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಂದು ತಿರುವಿನಲ್ಲಿ ತೆಂಗಿನ ಮರಗಳ ಹಿಂದೆ ಏನೋ ಫಳಫಳ ಹೊಳೆಯಿತು. ಅತ್ತಿ ಲಾರಿ ನಿಲ್ಲಿಸಲು ಹೇಳಿದಳು. ನಾವಿಬ್ಬರೂ ಸಮುದ್ರ ನೋಡಿದ್ದು ಅದೇ ಮೊದಲು.

“ಯವ್ವಾ… ಆಚೀ ದಂಡೀನ ಇಲ್ಲಲ್ಲ ಇದಕ್ಕ!” ಎಂದಳು ಅತ್ತಿ. ಹಾನಗಲ್ಲಿನ ಕೆರೆಗಿಂತ ದೊಡ್ಡ ನೀರನ್ನು ಆಕೆ ನೋಡಿರಲಿಲ್ಲ. ನಾನಂತೂ ಭೂಗೋಳದ ಪಾಠದಲ್ಲಿ ಮಕ್ಕಳಿಗೆ ಸಮುದ್ರದ ಬಗ್ಗೆ ಹೇಳಿಕೊಟ್ಟವಳು. ಆದರೂ ಆಕೆಯ ಹಾಗೆಯೇ ಆಚೆ ದಂಡೆ ಹುಡುಕಿದೆ.

ಬಂದರದ ದಂಡೆಯಲ್ಲಿ ಚಾಚಾ ನಮ್ಮನ್ನು ಇಳಿಸಿ ಎಲೆ ಇಳಿಸಲು ಹೋದ. ಬಿಸಿಲು ಸುಡುತ್ತಿತ್ತು. ದೋಣಿಗಳು, ಬಲೆಗಳು, ಬುಟ್ಟಿ ಹೊತ್ತ ಮೀನಿನ ಹೆಂಗಸರು. ಅತ್ತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಸ್ವಲ್ಪ ದೂರದಲ್ಲಿ ಅದು ನಿಂತಿತ್ತು. ಎರಡಾಳಿಗಿಂತ ಎತ್ತರದ ಕರಿಕಲ್ಲು. ಒಂದು ಕಡೆಯಿಂದ ನೋಡಿದರೆ ಅರ್ಧ ಮಡಿಚಿದ ಅಂಗೈ, ಇನ್ನೊಂದು ಕಡೆಯಿಂದ ಒಡೆದ ಗಡಿಗೆಯ ಹಾಗೆ. ನಡುವೆ ದೊಡ್ಡ ಪೊಳ್ಳು. ಅದರ ಹಿಂಬದಿಯ ಕಿಂಡಿಯಿಂದ ಸಮುದ್ರ ಕಾಣುತ್ತಿತ್ತು. ಮಂದಿ ಅದರಿಂದ ದೂರ ದೂರ ಸುತ್ತಿಕೊಂಡು ಹೋಗುತ್ತಿದ್ದರು.

ಅತ್ತಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಸುತ್ತು ಹಾಕಿದಳು. ನನ್ನನ್ನು ಕೇಳಿದಳು, “ಏನವಾ ಇದು?” ನನಗೂ ತಿಳಿಯಲಿಲ್ಲ. ಹಾಗೆಂದು ಹೇಳಿದೆ. ಆಕೆ ಪೊಳ್ಳಿನೊಳಗೆ ಕೈ ಚಾಚಿ ಕಲ್ಲನ್ನು ಮುಟ್ಟಿದಳು. ಆಮೇಲೆ ಚಪ್ಪಲಿ ಹೊರಗೆ ಬಿಟ್ಟು, ನೆಟ್ಟಗೆ ಒಳಗೆ ಹೋಗಿ ಕೂತುಬಿಟ್ಟಳು. ಕಾಲು ಚಾಚಿ, ಬೆನ್ನು ಒರಗಿಸಿ, “ಹಾ…” ಎಂದು ಉಸಿರು ಬಿಟ್ಟಳು.

ಪೀಪಿ ಊದುತ್ತಾ ಕಾವಲುಗಾರ ಓಡಿಬಂದ. “ಏ ಬಾಯಿ, ಏಳ್ರಿ, ಅದರಾಗ ಕುಂದ್ರಬಾರ್ದು!”

“ಯಾಕ, ದೇವರೇನು ಇದು?”

“ಸಾಹೇಬ್ರು ಬರ್ತಾರ್ರಿ ಈಗ.”

“ಬರ್ಲಿ. ಇದನ್ನ ಮಾಡಿದಾಂವ ನನ್ನ ತಮ್ಮ. ಏಳು ಅಂತ ಅಂವ ಬಂದು ಹೇಳಲಿ, ಏಳ್ತೇನಿ.”

ದೂರದ ಬಾದಾಮಿ ಮರದ ಕೆಳಗಿಂದ ಒಬ್ಬ ಮನುಷ್ಯ ಎದ್ದು ಬರುವುದು ಕಂಡಿತು. ಬಡಕಲು ದೇಹ, ಅರೆನರೆತ ಗಡ್ಡ. ಮೊದಲು ನಡೆಯುತ್ತಿದ್ದವನು ಆಮೇಲೆ ಓಡತೊಡಗಿದ. ಕಲ್ಲಿನ ಮುಂದೆ ಬಂದು ನಿಂತು, “ಅಕ್ಕಾ,” ಎಂದ. ಅಷ್ಟೇ.

ಅತ್ತಿ ದಾರಿಯುದ್ದಕ್ಕೂ ತಾಲೀಮು ಮಾಡಿದ್ದ ಒಂದು ಮಾತೂ ಬರಲಿಲ್ಲ. ತಮ್ಮನನ್ನು ಬಹಳ ಹೊತ್ತು ನೋಡಿದಳು. ಕೊನೆಗೆ, “ಹೇಳೋ, ಏಳ್ಲೋ ಕುಂದ್ರಲೋ?” ಎಂದು ಕೇಳಿದಳು.

“ಕುಂದ್ರು ಅಕ್ಕಾ. ಕುಂದ್ರಾಕಂತನ ಮಾಡೇನಿ. ಬಿಸಲಾಗ ಹೊತಗೊಂಡು ಬರೋರು ಸ್ವಲ್ಪ ಕುಂತು ಹೋಗ್ಲಿ ಅಂತ… ಇಲ್ಲೀತನ ಯಾರೂ ಕುಂತಿಲ್ಲ.”

“ಮತ್ತ ಹಂಗಂತ ಯಾರಿಗರ ಹೇಳೀಯೇನು?”

ಆತ ಇಲ್ಲವೆಂದು ತಲೆ ಅಲ್ಲಾಡಿಸಿದ. ಅತ್ತಿಗೆ ನಗು ತಡೆಯಲಾಗಲಿಲ್ಲ. ಆ ನಗು ಪೊಳ್ಳಿನೊಳಗೆ ಸುತ್ತಿ ದೊಡ್ಡದಾಗಿ ಹೊರಬಿತ್ತು; ದೋಣಿಯವರೆಲ್ಲ ತಿರುಗಿ ನೋಡಿದರು.

“ಅಲ್ಲಾ ನನ್ನಪ್ಪಾ, ಮನಿ ಕಟ್ಟಿ ಬಾಗಲಾ ತೋರಿಸದಿದ್ರ ಮಂದಿ ಹೆಂಗ ಒಳಗ ಬರ್ತಾರ?” ಎಂದವಳೇ, ಹಾದುಹೋಗುತ್ತಿದ್ದ ಮೀನಿನ ಹೆಂಗಸರನ್ನು ಕೂಗಿದಳು. “ಬರ್ರೆವಾ, ತಂಪೈತಿ ಇಲ್ಲೆ. ಬುಟ್ಟಿ ಆಕಡೆ ಇಡ್ರಿ, ನೀವು ಈಕಡೆ ಬರ್ರಿ!”

ಅವರು ಅನುಮಾನಿಸಿದರು. ಒಬ್ಬ ಮುದುಕಿ ಬಂದಳು. ಆಕೆ ಕೂತದ್ದು ಕಂಡು ಇನ್ನೊಬ್ಬಳು. ಅತ್ತಿ ಗಂಟು ಬಿಚ್ಚಿದಳು: ಕಟಕರೊಟ್ಟಿ, ಶೇಂಗಾ ಚಟ್ನಿ, ಕಡಲೆಹಿಟ್ಟಿನಲ್ಲಿ ಕರಿದ ಸವಣೂರಿನ ಖಾರಾ, ಚುರುಮುರಿ. ಆಕೆಯ ಸೆರಗು ಯಾವಾಗ ಮೂಗಿನಿಂದ ಜಾರಿತೋ ಗೊತ್ತಿಲ್ಲ. ಅವರ ಕೊಂಕಣಿ ಇವಳಿಗೆ ಅರ್ಥವಾಗದು, ಇವಳ ಮಾತು ಅವರಿಗೆ ಅರ್ಧಂಬರ್ಧ. ಆದರೂ ಒಬ್ಬರ ತೊಡೆ ಒಬ್ಬರು ತಟ್ಟಿ ನಗುತ್ತಿದ್ದರು. ತಮ್ಮನನ್ನು ಪಕ್ಕ ಕೂರಿಸಿಕೊಂಡು, ರೊಟ್ಟಿ ಮುರಿದು ಕೈಗೆ ಕೊಡುತ್ತಾ, ತಗ್ಗಿದ ದನಿಯಲ್ಲಿ ಕೇಳಿದಳು, “ಮದವಿಗೆ ಯಾಕ ಬರ್ಲಿಲ್ಲೋ?”

“ಸೊಸಿಗೆ ಒಂದು ಸೀರಿ ತರೋ ಶಕ್ತಿ ಇರ್ಲಿಲ್ಲ ಅಕ್ಕಾ. ಬರಿಗೈಲೆ ಹೆಂಗ ಬರ್ಲಿ?”

“ಹುಚ್ಚ ಅದಿ ನೋಡು. ನಾ ಕಾದಿದ್ದು ಸೀರಿಗೇನೋ?” ಎಂದು ಆತನ ಬೆನ್ನಿಗೆ ಒಂದು ಗುದ್ದಿದಳು. ಆಮೇಲೆ ಅದೇ ಕೈಯಿಂದ ಕಣ್ಣು ಒರೆಸಿಕೊಂಡಳು. ಆತನೂ…

ಸಾಹೇಬರು ಬಂದಾಗ ಕಲ್ಲಿನೊಳಗೆ ಕಾಲಿಡಲು ಜಾಗವಿರಲಿಲ್ಲ. ಕಾವಲುಗಾರನೂ ಒಂದು ಮೂಲೆಯಲ್ಲಿ ಚುರುಮುರಿ ತಿನ್ನುತ್ತಿದ್ದ. ಗಡಬಡಿಸಿ ಎದ್ದು ಸಲಾಮು ಹೊಡೆದ. ನಾನು ಕಷ್ಟಪಟ್ಟು ಒಂದು ಇಂಗ್ಲಿಷ್ ವಾಕ್ಯ ಜೋಡಿಸಿಕೊಂಡು ಮುಂದೆ ಹೋದೆ. ಅವರು ಅಚ್ಚ ಕನ್ನಡದಲ್ಲಿ, “ಏನಮ್ಮ ಇದು, ಜಾತ್ರೆಯೇ?” ಎಂದರು. ನಾನು ಪಕ್ಕಕ್ಕೆ ಸರಿದೆ. ಅತ್ತಿ ಅವರ ಕೈಗೂ ಒಂದು ಹಿಡಿ ಖಾರಾ ಹಾಕಿದಳು. “ತಿನ್ರಿ ಸಾಹೇಬ್ರ. ಒಳಗ ಬಂದು ಕುಂತು ತಿನ್ರಿ, ಆಮ್ಯಾಲೆ ಬೇಕಾದ್ರ ಕೀಳ್ರಿ.” ತಿಂದರು. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ನೀರು ಕೇಳಿದರು, ಒಳಗೆ ಬಂದು ಕೂತರು. ಎದುರಿನ ಕಿಂಡಿಯಲ್ಲಿ ಒಂದು ಹಾಯಿದೋಣಿ ನಿಧಾನವಾಗಿ ದಾಟಿತು. ಅದು ಪೂರ್ತಿ ಮರೆಯಾಗುವವರೆಗೂ ಅವರು ಏಳಲಿಲ್ಲ. ಹೋಗುವಾಗ ಕಾವಲುಗಾರನಿಗೆ ಇಷ್ಟೇ ಹೇಳಿದರು: “ಇನ್ನು ಪೀಪಿ ಊದಬೇಡ.”

ಸಂಜೆ ಲಾರಿ ಹತ್ತುವ ಮುಂದೆ ತಮ್ಮ ಕೇಳಿದ, “ಹೆಂಗಾಗೇತಿ ಅಕ್ಕಾ?”

“ಖರೇ ಹೇಳ್ಲೇನು? ಏನಂತ ತಿಳೀಲಿಲ್ಲ. ಆದ್ರ ಎದ್ದು ಬರಾಕ ಮನಸಾಗಲಿಲ್ಲ.”

ಆತನ ಮುಖ ಅರಳಿದ್ದು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಆ ವರ್ಷವೇ ಅತ್ತಿಯ ಮೊಮ್ಮಗಳ ಹೆಸರಿಡುವ ದಿನ ಆತ ಸವಣೂರಿಗೆ ಬಂದ. ಕೂಸಿಗೊಂದು ಕಟ್ಟಿಗೆಯ ಆನೆ ಮಾಡಿ ತಂದಿದ್ದ. ಅದಕ್ಕೆ ಕಣ್ಣು, ಸೊಂಡಿಲು ಎಲ್ಲ ಇದ್ದವು. “ಈಗ ಬುದ್ಧಿ ಬಂತು,” ಎಂದು ಅತ್ತಿ ಊರಿಗೆಲ್ಲ ತೋರಿಸಿದಳು. ಆಮೇಲೆ ಆತ ಪ್ರತಿ ವರ್ಷ ಬರುತ್ತಿದ್ದ. ನನಗೆ ಮದುವೆಯಾಯಿತು, ಹಂಸಭಾವಿಗೆ ವರ್ಗವಾಯಿತು. ಅತ್ತಿ ತೀರಿಕೊಂಡ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ದಿನಕರ್ಮಗಳೆಲ್ಲ ಮುಗಿದಿದ್ದವು…

ಮಾರ್ಕೆಟ್ಟಿನಿಂದ ಬಂದ ಮೇಲೆ ಮಗನಿಗೆ ಹೇಳಿದೆ, ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗೆಂದು. ಹೋದ ವಾರ ಹೋಗಿಬಂದೆವು. ಬಂದರು ದೊಡ್ಡದಾಗಿದೆ, ದಂಡೆಗೆ ಕಬ್ಬಿಣದ ಕಂಬಿಬೇಲಿ ಬಂದಿದೆ. ಕಲ್ಲು ಅಲ್ಲೇ ಇದೆ. ಒರಗುವ ಜಾಗ ಮಂದಿಯ ಬೆನ್ನು ತಾಗಿ ತಾಗಿ ಎಣ್ಣೆ ಹಚ್ಚಿದಂತೆ ನುಣ್ಣಗಾಗಿದೆ. ಮಾಡಿದವರ ಹೆಸರು ಎಲ್ಲೂ ಇಲ್ಲ. ಒಳಗೆ ಕೂತು ದಣಿವಾರಿಸಿಕೊಳ್ಳುತ್ತಿದ್ದ ಮೀನಿನ ಹೆಂಗಸೊಬ್ಬಳು ಸರಿದು ನನಗೆ ಜಾಗ ಕೊಟ್ಟಳು. ಆಕೆಗೆ ಅತ್ತಿಯ ಕಥೆಯನ್ನೆಲ್ಲ ಹೇಳಿದೆ. ಸಾಹೇಬರು ಖಾರಾ ತಿಂದದ್ದು ಕೇಳಿ ಬಹಳ ನಕ್ಕಳು.

“ಆ ಅಮ್ಮ ಈಗ ಎಲ್ಲಿದ್ದಾರೆ?” ಎಂದು ಕೇಳಿದಳು.

“ಇಲ್ಲವ್ವಾ. ಅವತ್ತು ಕೂತಿದ್ದವರೊಳಗ ನನಗ ಗೊತ್ತಿದ್ದವರು ಯಾರೂ ಈಗಿಲ್ಲ.”

ಆಕೆ ಬುಟ್ಟಿ ಎತ್ತಿಕೊಳ್ಳದೆ, ಇನ್ನೊಮ್ಮೆ ಕಾಲು ಚಾಚಿ ಕೂತು, “ಮತ್ತೆ ಹೇಳಿ,” ಎಂದಳು. “ಆ ಲಾರಿಯಲ್ಲಿ ಬಂದದ್ದರಿಂದ ಹೇಳಿ.”