ಮೂರು ಗಂಟೆಯ ದಾರಿಗೆ ಪಾತುಮ್ಮನ ಡಬ್ಬಿ

ನಸುಕಿನ ಸುಬಹಿ ನಮಾಜು ಮುಗಿಸಿದ ಕುಂಬ್ರದ ಕುಂಞಿಪಾತುಮ್ಮ ಆಗಲೇ ಒಲೆಯ ಮುಂದೆ ಕೂತಿದ್ದಾರೆ. ರುಬ್ಬಿದ ಕುಚ್ಚಲಕ್ಕಿ ಹಿಟ್ಟನ್ನು ಕಾದ ಕಾವಲಿಗೆ ತೆಳ್ಳಗೆ ಎಳೆಯುತ್ತಾರೆ, ಬಿಸಿಯಲ್ಲೇ ಮಡಚುತ್ತಾರೆ, ಗರಿಗರಿಯಾಗುವ ತನಕ ಒಣಗಿಸುತ್ತಾರೆ. ಪಕ್ಕದಲ್ಲಿ ಬಿಸ್ಕತ್ತಿನ ಖಾಲಿ ಡಬ್ಬಿ. ಇವತ್ತಿನದು ಇದೇ ಊರಿನ ಹುಡುಗ ಹೈದರನ ಡಬ್ಬಿ. ಸಂಜೆ ಅವನು ಮಂಗಳೂರಿನಲ್ಲಿ ಬೊಂಬಾಯಿ ಬಸ್ಸು ಹತ್ತುತ್ತಾನೆ, ಅಲ್ಲಿಂದ ದುಬಾಯಿಗೆ ವಿಮಾನ.

ಈ ಎಂಬತ್ತಮೂರನೇ ಇಸವಿಯಲ್ಲಿ ಕುಂಬ್ರದಿಂದ ಅರಂತೋಡಿನ ತನಕ ದುಬಾಯಿಗೆ ಹೊರಟ ಹುಡುಗರು ಯಾವ ಊರಲ್ಲಿಲ್ಲ? ಅವರನ್ನು ಕಳಿಸುವ ಪುತ್ತೂರಿನ ಏಜೆಂಟರೊಬ್ಬರ ಅಂಗಡಿಯಲ್ಲಿ ದೊಡ್ಡ ಬೋರ್ಡು ಉಂಟು: ಬೊಂಬಾಯಿ–ದುಬಾಯಿ, ಸಾವಿರದ ಒಂಬೈನೂರು ಕಿಲೋಮೀಟರು, ಬರೀ ಮೂರು ಗಂಟೆ.

ಆ ಬೋರ್ಡಿನ ಮಾತೆತ್ತಿದರೆ ಸಾಕು, ಪಾತುಮ್ಮನಿಗೆ ಮೈಯೆಲ್ಲ ಉರಿಯುತ್ತದೆ. ಎಪ್ಪತ್ತಾರರಲ್ಲಿ ಅದನ್ನೇ ನಂಬಿ, ಇದ್ದೊಬ್ಬ ಮಗ ಯೂಸುಫನಿಗೆ ತೆಂಗಿನಕಾಯಿ ಹಾಕಿದ ಮೆತ್ತನೆಯ ಅಕ್ಕಿ ರೊಟ್ಟಿ, ಪತ್ತಿರ್, ಕಟ್ಟಿಕೊಟ್ಟಿದ್ದರು. "ಮೂರು ಗಂಟೆಯಲ್ಲಿ ಕೆಡುದೆಂತ ಅಂತ ಗ್ರಹಿಸಿದೆ ಮಾರಾಯ್ರೆ. ನನ್ನ ಬುದ್ಧಿಗಿಷ್ಟು!" ಬೊಂಬಾಯಿಯಲ್ಲಿ ಕಾಗದಪತ್ರ ಆಗಲಿಲ್ಲ. ಹತ್ತಾರು ಜನ ಮಲಗುವ ಕೋಣೆಯಲ್ಲಿ ಹುಡುಗ ಎರಡು ವಾರ ಕಾದ. ಪತ್ತಿರ್ ಮರುದಿನವೇ ಹಳಸಿತ್ತು. ಚಾ, ಬನ್ನಿನಲ್ಲಿ ದಿನ ದೂಡಿದ್ದನ್ನು ಅವನು ಹೇಳಿದ್ದು ಎರಡು ವರ್ಷದ ನಂತರ, ರಜೆಗೆ ಬಂದಾಗ. ಪಾತುಮ್ಮ ಅವತ್ತೇ ಒಣ ರೊಟ್ಟಿಗೆ ಕೈ ಹಾಕಿದರು; ದುಬಾಯಿಗೆ ಹೊರಟವರಿಗೆ ಅದನ್ನು ಡಬ್ಬಿ ಕಟ್ಟಿ ಮಾರುವುದೇ ಅವರ ಬದುಕಾಯಿತು. ಒಣ ಸಿಗಡಿ ಚಟ್ನಿಯ ಜೊತೆ ತಿಂಗಳಾದರೂ ಕೆಡುವುದಿಲ್ಲ.

ಮರ್ಕಂಜದ ಪ್ರೇಮನಾಥ ಹೋಗುವಾಗಲೂ ಇದೇ ಡಬ್ಬಿ. "ಪಾತುಮ್ಮಕ್ಕನ ರೊಟ್ಟಿ ಇಲ್ಲದಿದ್ದರೆ ಬೊಂಬಾಯಿಯಿಂದಲೇ ತಿರುಗಿ ಬರ್ತಿದ್ದೆ" ಎನ್ನುತ್ತಾರೆ ರಜೆಗೆ ಬಂದಿರುವ ಅವರು.

ಆದರೆ ಏಜೆಂಟರಿಗೆ ಈ ಡಬ್ಬಿ ಕಂಡರಾಗದು. ತಿಂಗಳು ಬಾಳುವ ರೊಟ್ಟಿ ಕಂಡರೆ ಮೂರು ಗಂಟೆಯ ಮಾತನ್ನು ಯಾರು ನಂಬುತ್ತಾರೆ? ವಿಮಾನದಲ್ಲೇ ಊಟ ಕೊಡುತ್ತಾರೆ, ಡಬ್ಬಿ ಹೊತ್ತವರ ಮರ್ಯಾದೆ ಹೋಗುತ್ತದೆ ಎಂದು ಹುಡುಗರ ಕಿವಿ ಊದಿದರು. ಕಳೆದ ತಿಂಗಳು ಪಾತುಮ್ಮ ಬಸ್ಸು ಹತ್ತಿ ಪುತ್ತೂರಿಗೇ ಹೋದರು. ಡಬ್ಬಿಯನ್ನು ಏಜೆಂಟರ ಮೇಜಿನ ಮೇಲೆ ಕುಕ್ಕಿ ಕೇಳಿದರು: "ಬೊಂಬಾಯಿಯಲ್ಲಿ ಕಾಯುವ ದಿನ ಈ ಬೋರ್ಡಿನಲ್ಲಿ ಎಲ್ಲಿ ಉಂಟು?"

ಏಜೆಂಟರು ನಕ್ಕರು. ಪಾತುಮ್ಮನ ಡಬ್ಬಿ ಕೊಂಡವರ ಕೆಲಸ ತಡವಾಗುತ್ತದೆ ಎಂಬ ಸುದ್ದಿ ಮರುದಿನವೇ ಹುಡುಗರಲ್ಲಿ ಹಬ್ಬಿತು. ಅಲ್ಲಿಗೆ ಪಾತುಮ್ಮನ ಅನ್ನಕ್ಕೇ ಕಲ್ಲು ಬಿತ್ತು. ಈ ತಿಂಗಳು ಬಂದದ್ದು ಹೈದರ್ ಒಬ್ಬನೇ, ಅದೂ ಕದ್ದುಮುಚ್ಚಿ.

"ಮೆತ್ತನೆಯ ಪತ್ತಿರ್ ಮಾಡು, ನಾನೇ ಜನ ಕಳಿಸ್ತೇನೆ ಅಂತ ಆ ಏಜೆಂಟರು ಹೇಳಿ ಕಳಿಸಿದ್ದಾರೆ. ಮಾಡುದಿಲ್ಲ. ಒಲೆ ಆರಿದರೂ ಮಾಡುದಿಲ್ಲ. ಹಸಿದದ್ದು ನನ್ನ ಮಗ, ಅವರ ಮಗ ಅಲ್ಲ" ಎನ್ನುತ್ತಾರೆ ಪಾತುಮ್ಮ.

ಹೈದರ್ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. "ಮಾಮಿ, ಚೀಲದ ಅಡಿಯಲ್ಲಿ ಇಡ್ತೇನೆ, ಯಾರಿಗೂ ಕಾಣುದಿಲ್ಲ."

"ಮೇಲೆಯೇ ಇಡು. ಕದ್ದ ಮಾಲಲ್ಲ ಅದು."

ಹುಡುಗ ಡಬ್ಬಿಯನ್ನು ಹೆಗಲಿಗೇರಿಸಿ ಹೊರಡುತ್ತಾನೆ, ಪೇಟೆಯ ನಡುವಿನಿಂದಲೇ.

ಆಸೆ ಏನಾದರೂ ಉಂಟಾ ಎಂದರೆ ಪಾತುಮ್ಮ ರಸ್ತೆಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ: "ಆ ಬೋರ್ಡಿನಲ್ಲಿ ಹೋಗುದಕ್ಕೆ ಮೂರು ಗಂಟೆ ಅಂತ ಬರೆದಿದ್ದಾರಲ್ಲ, ಅದರ ಅಡಿಯಲ್ಲಿ ಇನ್ನೊಂದು ಗೆರೆ ಬರೀಲಿ. ಬರುದಕ್ಕೆ ಎರಡು ವರ್ಷ."