ಎಡಗಾಲು ಚಾಚಿದ ಸವಾರ

ರಸ್ತೆಯ ಮೇಲಿನ ಕಲ್ಲಿಗೆ ಕಾಲಿಲ್ಲ. ಅದು ತಾನಾಗಿ ನಡೆದು ಬಂದು ಡಾಂಬರಿನ ನಡುವೆ ಕೂರುವುದಿಲ್ಲ. ಆದರೆ ನಾನು ಬಲ್ಲ ಒಂದು ಮನೆಯ ಮಗ ಅಂಥ ಕಲ್ಲಿಗೆ ಬೈಕ್ ಬಡಿದು ಸತ್ತಾಗ ಸರ್ಕಾರಿ ಕಾಗದದಲ್ಲಿ ಬರೆದದ್ದು, ‘ಸವಾರನ ಸ್ವಂತ ನಿರ್ಲಕ್ಷ್ಯ’ ಎಂದು. ಹಾಗೆ ಬರೆದವರ ಮೇಲೆ, ರಸ್ತೆ ಮಾಡಿ ಉಳಿದ ಕಲ್ಲನ್ನು ಊರವರ ಕಣದ ಮೇಲೆ ಸುರಿದು ಹೋದ ಗುತ್ತಿಗೆದಾರನ ಮೇಲೆ, ಆ ರಾಶಿಯನ್ನು ಕಣ್ಣಾರೆ ಕಂಡೂ ಕಾಮಗಾರಿ ಪೂರ್ಣಗೊಂಡಿದೆ ಎಂದು ಒಪ್ಪಿಕೊಂಡ ಅಧಿಕಾರಿಗಳ ಮೇಲೆ ನನ್ನ ನೇರ ಆರೋಪವಿದೆ. ನಿರ್ಲಕ್ಷ್ಯ ಯಾರದು ಎಂಬುದನ್ನು ಅವರು ಸತ್ತವನ ಹೆಗಲಿಗೆ ಹೊರಿಸಿ ಕೈ ತೊಳೆದುಕೊಂಡಿದ್ದಾರೆ, ಏಕೆಂದರೆ ಸತ್ತವನು ಎದುರು ಮಾತನಾಡುವುದಿಲ್ಲ.

ಅಥವಾ ಮಾತನಾಡುವುದಿಲ್ಲ ಎಂದು ನಾನೂ ನಂಬಿದ್ದೆ. ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಯಾರಾದರೂ ದೆವ್ವದ ಕಥೆ ತೆಗೆದರೆ, ‘ನೋಡಿದವರು ಯಾರು, ಬೆಳಕು ಎಷ್ಟಿತ್ತು, ಎರಡನೆಯ ಸಾಕ್ಷಿ ಎಲ್ಲಿ’ ಎಂದು ಅಡ್ಡಪ್ರಶ್ನೆ ಹಾಕಿ ಬಾಯಿ ಮುಚ್ಚಿಸುತ್ತಿದ್ದವಳು ನಾನು. ಇಂದಿಗೂ ನನಗೆ ದೆವ್ವಗಳಲ್ಲಿ ನಂಬಿಕೆಯಿಲ್ಲ. ಈ ಬರಹದಿಂದ ಆ ಸಂಜೆಯ ಭಾಗವನ್ನು ಕಿತ್ತುಹಾಕು, ಇಲ್ಲದಿದ್ದರೆ ನಿನ್ನ ದೂರನ್ನು ಯಾರೂ ಗಂಭೀರವಾಗಿ ಓದುವುದಿಲ್ಲ ಎಂದು ಗೆಳೆಯರು ಎಚ್ಚರಿಸಿದರು. ಅವರ ಮಾತಿನಲ್ಲಿ ಹುರುಳಿದೆ. ಆದರೆ ತಮಗೆ ಬೇಡವಾದ ಭಾಗವನ್ನು ಬಿಟ್ಟು ಬರೆದವರ ಮೇಲೆಯೇ ನನ್ನ ಆರೋಪವಿರುವಾಗ, ನಾನೂ ಹಾಗೆ ಬರೆಯಲಾರೆ. ಕಂಡದ್ದನ್ನು ಕಂಡಂತೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಶಿವರಾತ್ರಿ ಕಳೆದು ಬಿಸಿಲು ಏರತೊಡಗಿತ್ತು. ಬಸವಕಲ್ಯಾಣದ ನಮ್ಮ ಮನೆಯಿಂದ ಹುಮನಾಬಾದಿನ ಸೋದರಮಾವನ ಮನೆಗೆ ಹೊರಟಿದ್ದೆವು, ನಾನು ಮತ್ತು ಅವ್ವ. ಮರುದಿನ ಬೆಳಿಗ್ಗೆ ಮಾಣಿಕನಗರದ ಗುಡಿಗೆ ಹೋಗಿ ಕಾಯಿ ಒಡೆಸುವ ಹರಕೆ ಅವ್ವನದು. ಅಪ್ಪನ ಹಳೆಯ ಮೋಟಾರ್‌ಸೈಕಲ್ಲನ್ನು ನಾನು ಓಡಿಸುತ್ತಿದ್ದೆ. ಅವ್ವ ಹಿಂದೆ ಒಂದೇ ಬದಿಗೆ ಕಾಲು ಇಳಿಬಿಟ್ಟು, ಕಾಯಿಚೀಲವನ್ನು ಎದೆಗೆ ಅವಚಿಕೊಂಡು ಕೂತಿದ್ದಳು. ಹೆಲ್ಮೆಟ್ ನನ್ನ ತಲೆಯ ಮೇಲೆ ಮಾತ್ರ ಇತ್ತು. ‘ಸೆರಗು ಹೊದ್ದೀನಿ, ಸಾಕು ಬಿಡು’ ಎಂದು ಅವಳು, ‘ಸಾಕು’ ಎಂದು ನಾನು ಅಂದುಕೊಂಡು ಹೊರಟೆವು.

ಹೆದ್ದಾರಿಯ ಲಾರಿಗಳೆಂದರೆ ಅವ್ವನಿಗೆ ಭಯ. ಅವಳ ಒತ್ತಾಯಕ್ಕೆ ಹೊಲಗಳ ನಡುವಿನ ಒಳರಸ್ತೆ ಹಿಡಿದೆ. ಹೊಸದಾಗಿ ಡಾಂಬರು ಕಂಡ, ನುಣ್ಣನೆಯ, ಅಷ್ಟೇ ಕಿರಿದಾದ ರಸ್ತೆ ಅದು. ಸೂರ್ಯ ಮುಳುಗಿದ್ದ. ಕತ್ತಲಾಗಿರಲಿಲ್ಲ, ಎದುರು ಬರುವವರ ಅಂಗಿಯ ಬಣ್ಣ ತಿಳಿಯುವಷ್ಟು ಬೆಳಕಿತ್ತು. ಮುಂದೆ ಎಡಕ್ಕೊಂದು ತಿರುವು, ತಿರುವಿನ ಒಳಮಗ್ಗುಲಿಗೆ ಆಳೆತ್ತರದ ಕಬ್ಬು. ಅದರಾಚೆ ಏನಿದೆ ಎಂದು ಕಾಣುವಂತಿರಲಿಲ್ಲ.

ಆ ತಿರುವಿನಿಂದ ಒಂದು ಬೈಕ್ ಹೊರಬಂತು. ಸವಾರ ಒಬ್ಬನೇ. ತಲೆಗೆ ಟವೆಲ್ ಸುತ್ತಿದ್ದ. ನಮ್ಮನ್ನು ಕಂಡವನೇ ತನ್ನ ಎಡಗಾಲನ್ನು ಹೊರಕ್ಕೆ ಚಾಚಿ, ಅಂಗಾಲು ನೆಲಕ್ಕೆ ತಾಗುವಷ್ಟು ಇಳಿಸಿ, ಪಾದವನ್ನು ಎರಡು ಮೂರು ಸಲ ಅಲುಗಿಸಿದ. ನಮ್ಮ ಕಡೆ ಬೈಕ್ ಓಡಿಸುವವರಿಗೆ ಈ ಸನ್ನೆ ಹೊಸದಲ್ಲ: ಮುಂದೆ ನೆಲದ ಮೇಲೆ ಏನೋ ಇದೆ, ನಿಧಾನ. ಅವನು ನಮ್ಮ ಪಕ್ಕದಿಂದ ಹಾದುಹೋದ. ಮುಖ ನೋಡಿದೆನೇ ಎಂದು ಆಮೇಲೆ ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನೋಡಲಿಲ್ಲ. ಕಾಲನ್ನು ನೋಡಿದೆ.

ಹಿಂದಿನಿಂದ ಅವ್ವನ ಬೈಗುಳ ಕೇಳಿಸಿತು. “ಕಾಲು ಚಾಚತಾನ ನೋಡು, ಮಾನಗೇಡಿ! ಎದುರು ಹೆಣ್ಮಕ್ಕಳು ಬರಾಕತ್ತಾರ ಅನ್ನೂ ಖಬರಿಲ್ಲ!”

ನಾನು ಗೇರ್ ಇಳಿಸಿದೆ. ತಿರುವು ದಾಟುತ್ತಲೇ ಕಂಡದ್ದು ಕೊಡದಷ್ಟು ದಪ್ಪನೆಯ ಕಲ್ಲುಗಳ ಸಾಲು, ಅದರಾಚೆ ರಸ್ತೆಯ ಅಗಲಕ್ಕೂ ಹಾಸಿದ ಒಣ ಕಡಲೆ ಗಿಡ. ಬ್ರೇಕ್ ಒತ್ತಿದೆ. ಕಲ್ಲಿನ ಸಂದಿಯಲ್ಲಿ ನುಸುಳಿದ ಮುಂದಿನ ಗಾಲಿ ಉದುರಿದ ಕಾಳಿನ ಮೇಲೆ ಎಣ್ಣೆಯ ಮೇಲೆ ಜಾರಿದಂತೆ ಜಾರಿತು. ಗಾಡಿ ಮಗ್ಗುಲಾಯಿತು. ನನ್ನ ಮೊಣಕೈ ತರಚಿತು. ಅವ್ವ ಕಡಲೆಯ ಹಾಸಿನ ಮೇಲೆ ಉರುಳಿದಳು. ಅವಳ ತಲೆ ನಿಂತದ್ದು ಒಂದು ಕಲ್ಲಿನಿಂದ ಗೇಣು ದೂರದಲ್ಲಿ. ಮೊದಲಿನ ವೇಗದಲ್ಲೇ ನಾನು ತಿರುವಿಗೆ ಬಂದಿದ್ದರೆ ಆ ಗೇಣು ಇರುತ್ತಿರಲಿಲ್ಲ.

ಅಲ್ಲೇ ಕಡಲೆ ಒಕ್ಕಿ ರಾಶಿ ಮಾಡುತ್ತಿದ್ದ ದಂಪತಿ ಓಡಿ ಬಂದರು. ಅವರ ಹೆಸರು ಶರಣಪ್ಪ, ಗುಂಡಮ್ಮ ಎಂದು ಆಮೇಲೆ ತಿಳಿಯಿತು. ಇಬ್ಬರಿಗೂ ಐವತ್ತರ ಆಚೆಯ ವಯಸ್ಸು. ಗುಂಡಮ್ಮ ಅವ್ವನನ್ನು ಎಬ್ಬಿಸಿ ಕೂರಿಸಿದಳು. “ಅಯ್ಯ ಯಕ್ಕಾ, ಎಲ್ಲೆರೆ ಪೆಟ್ಟಾತೇನು?”

“ನನಗೇನಾಗ್ಯದ? ಗಾದಿ ಹಾಸಿಟ್ಟಂಗ ಹಾಸೀರಿ,” ಎಂದು ಅವ್ವ ಸೀರೆ ಕೊಡವಿಕೊಂಡು ಚೀಲದೊಳಗೆ ಕೈಹಾಕಿದಳು. “ಕಾಯಿ ಒಡೀತು ನೋಡ್ರಿ. ಮಾಣಿಕನಗರದ ತನಕ ತಡಕೊಳ್ಳಲಿಲ್ಲ.”

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ರಸ್ತೆಯ ಮೇಲೆ ಒಕ್ಕುವುದು ಅಪರಾಧವೆಂದು ಗೊತ್ತಿಲ್ಲವೇ, ಯಾರಾದರೂ ಸತ್ತರೆ ಯಾರು ಹೊಣೆ ಎಂದು ನಾನು ಕೂಗಾಡಿದೆ. ಶರಣಪ್ಪ ತಲೆ ತಗ್ಗಿಸಿ ನನ್ನ ಗಾಡಿ ಎತ್ತುತ್ತಿದ್ದ. ಉತ್ತರ ಕೊಟ್ಟವಳು ಗುಂಡಮ್ಮ.

“ಸತ್ತಾರ ಯವ್ವಾ. ಅಲ್ಲಿ, ಆ ಸೇತುವಿ ಮಗ್ಗಲಾಗ. ನಮ್ಮ ಮಗನೇ.”

ನಾನು ಕೇಳಿದೆ: “ಮತ್ತ ಇಲ್ಲೇ ಯಾಕ ರಾಶಿ ಮಾಡಾಕತ್ತೀರಿ?”

“ಎಲ್ಲಿ ಮಾಡಬೇಕು, ತಲೀ ಮ್ಯಾಲೇನು? ಊರ ಕಣದಾಗ ಸಡಕಿನವರು ಕಲ್ಲು ಸುರಿದಾರ. ಸಡಕು ಮುಗೀತು, ಕಲ್ಲು ಅಲ್ಲೇ ಬಿದ್ದಾವ. ಕಣ ಅವರು ತಗೊಂಡ್ರು, ಸಡಕು ನಾವು ತಗೊಂಡೀವಿ.”

ಇಲ್ಲಿ ಓದುಗರಿಗೆ ಒಂದು ಪದ್ಧತಿಯನ್ನು ತಿಳಿಸಬೇಕು. ಗಾಲಿ ಹರಿದು ಕಾಳು ಉದುರಲೆಂದು ರಸ್ತೆಯ ಮೇಲೆ ಬೆಳೆ ಹಾಸುವವರು, ವಾಹನಗಳು ನಿಧಾನವಾಗಲೆಂದು ಎರಡೂ ತುದಿಗೆ ಕಲ್ಲಿನ ಸಾಲು ಇಡುತ್ತಾರೆ. ಕೆಲಸ ಮುಗಿದು ಕಾಳು ಮನೆಗೆ ಹೋದ ಮೇಲೆ ಕಲ್ಲುಗಳನ್ನು ತೆಗೆಯುವುದಿಲ್ಲ. ಅದು ಸೋಮಾರಿತನವಲ್ಲ, ಅವರ ಲೆಕ್ಕದಲ್ಲಿ ಅದು ಉಪಕಾರ. ನಾಳೆ ರಾಶಿ ಹಾಕುವ ನೆರೆಯವರು ಮತ್ತೆ ಕಣದಿಂದ ಕಲ್ಲು ಹೊತ್ತು ತರುವ ಕಷ್ಟಪಡದಿರಲಿ ಎಂದು ಹಾಗೆಯೇ ಬಿಡುತ್ತಾರೆ. ಹಿಂದಿನ ವರ್ಷ ಶರಣಪ್ಪ, ಗುಂಡಮ್ಮ ಹೀಗೆಯೇ ನೆರೆಯವರಿಗಾಗಿ ಕಲ್ಲು ಬಿಟ್ಟು ಮನೆಗೆ ಹೋಗಿದ್ದರು. ಹುಮನಾಬಾದಿನಿಂದ ಕೆಲಸ ಮುಗಿಸಿ ಬಂದ ಮಗ ಮಲ್ಲಿಕಾರ್ಜುನನ ಬೈಕ್ ಬಡಿದದ್ದು ಅದೇ ಕಲ್ಲಿಗೆ. ಅಂದಿನಿಂದ ಇವರಿಬ್ಬರು ಮಾತ್ರ, ಎಷ್ಟೇ ದಣಿದಿದ್ದರೂ, ತಮ್ಮ ಕಲ್ಲುಗಳನ್ನು ತಾವೇ ಎತ್ತಿ ಬದಿಗೆ ಹಾಕುತ್ತಾರೆ.

ಇದನ್ನೆಲ್ಲ ಕೇಳಿದ ಅವ್ವ, ಸಮಾಧಾನ ಹೇಳುವ ಭರದಲ್ಲಿ ಅಂದಳು: “ಇವತ್ತು ಆ ಹುಡುಗ ಕಾಲು ತೋರಸಲಿಲ್ಲಂದ್ರ ನಮ್ಮ ಗತೀನೂ ಅಷ್ಟೇ ಇತ್ತು. ನಾ ಸುಮ್ಮನ ಬೈದೆ ಪಾಪ.”

“ಯಾವ ಹುಡುಗ?” ಶರಣಪ್ಪ ಕೇಳಿದ.

“ಈಗ ಬಂದನಲ್ಲ, ನಿಮ್ಮ ರಾಶಿ ದಾಟಿ.”

“ಈ ಕಡಿಂದ ಯಾರೂ ಹೋಗಿಲ್ಲ, ಯಕ್ಕಾ. ಟ್ರ್ಯಾಕ್ಟರ್ ಹೋದ ಮ್ಯಾಲ ಕಡ್ಲಿದು ಹೊಸಾ ಹೊರಿ ಬಿಚ್ಚಿ ಹಾಕೀವಿ. ನೀವೇ ಮೊದಲ ಬಂದೀರಿ.”

ನಾನು ರಸ್ತೆಯನ್ನು ನೋಡಿದೆ. ಗಾಲಿ ಹರಿದ ಕಡಲೆ ಗಿಡ ಚಪ್ಪಟೆಯಾಗಿ ನೆಲಕ್ಕಂಟುತ್ತದೆ. ಆ ಗೆರೆಯನ್ನು ಯಾರೂ ಮುಚ್ಚಿಡಲಾರರು. ಮೊಣಕಾಲೆತ್ತರ ಉಬ್ಬಿ ನಿಂತಿದ್ದ ಆ ಹಾಸಿನ ಮೇಲೆ ಇದ್ದದ್ದು ನಾವು ಬಿದ್ದ ಒಂದೇ ಗಾಯ. ಅದರಾಚೆ ಸೇತುವೆಯ ತನಕ ಒಂದು ಎಲೆಯೂ ಕದಡಿರಲಿಲ್ಲ. ಹೊಲದ ದಾರಿಯಿಂದ ಬಂದಿರಬಹುದೆಂದು ಹುಡುಕಿದೆ. ಒಂದು ಬದಿಗೆ ಹಳ್ಳ, ಇನ್ನೊಂದು ಬದಿಗೆ ತಿರುವಿನ ಕಬ್ಬಿನವರೆಗೂ ಜಾಲಿಮುಳ್ಳಿನ ಬೇಲಿ. ಬೈಕ್ ನುಗ್ಗುವ ಸಂದಿ ನನಗೆ ಕಾಣಲಿಲ್ಲ.

ಗುಂಡಮ್ಮ ಅವ್ವನ ಕೈಹಿಡಿದು ಕೇಳಿದಳು. “ಯಾವ ಕಾಲು ತೋರಿಸಿದ?”

“ಎಡಗಾಲು.”

ಗುಂಡಮ್ಮ ಗಂಡನ ಮುಖ ನೋಡಿದಳು. ಅವನು ಬೇರೆಡೆ ತಿರುಗಿದ. “ಮಂದಿ ಎಲ್ಲಾರು ಬಲಗಾಲು ತೋರಸ್ತಾರ, ಎದುರಿನವರಿಗೆ ಅದೇ ಕಾಣತದ,” ಎಂದಳು. “ನಮ್ಮ ಮಲ್ಲು ಮಾತ್ರ ಎಡಗಾಲು ಚಾಚಾಂವ. ಬಲಗಾಲು ಬ್ರೇಕಿನ ಮ್ಯಾಲಿಂದ ತೆಗೀಬಾರದು ಅವ್ವಾ, ಅನ್ನಾಂವ. ಅಷ್ಟು ಹುಷಾರ್ ಹೊಡೀತಿದ್ದ ಗಾಡಿ. ಕಾಗದದಾಗ ತಪ್ಪು ಅವಂದೇ ಅಂತ ಬರದಾರ.”

ಹೆಚ್ಚಿನ ಕಾಳು ಇನ್ನೂ ಗಿಡದಲ್ಲೇ ಇತ್ತು, ರಾಶಿ ಅರ್ಧವೂ ಆಗಿರಲಿಲ್ಲ. ಆದರೂ ಶರಣಪ್ಪ ಹೋಗಿ ಮೊದಲ ಕಲ್ಲನ್ನು ಎತ್ತಿದ. ಗುಂಡಮ್ಮ ಎರಡನೆಯದನ್ನು. ನಾವೂ ಕೈಹಚ್ಚಿದೆವು. ನಾಲ್ವರೂ ಸೇರಿ ಎಲ್ಲವನ್ನೂ ಹಳ್ಳಕ್ಕೆ ಉರುಳಿಸಿ, ಕಡಲೆಯನ್ನು ಬದಿಗೆ ಒತ್ತಿದೆವು. ಹೊರಡುವಾಗ ಗುಂಡಮ್ಮ ನನ್ನ ಗಾಡಿಯ ಹ್ಯಾಂಡಲ್ ಹಿಡಿದು ನಿಂತಳು. “ನೀ ಓದಿದಾಕಿ. ನನ್ನ ಮಗ ಬರೋಬರ್ ಗಾಡಿ ಹೊಡೀತಿದ್ದ ಅಂತ ಬರಿ. ಕಲ್ಲು ನಾವೇ ಇಟ್ಟಿದ್ದಿವಿ ಅಂತನೂ ಬರಿ. ಖರೇ ಇದ್ದದ್ದು ಬರಿ.”

ಬರೆದೆ. ಸಂಬಂಧಪಟ್ಟ ಕಚೇರಿಗಳಿಗೆ ಮನವಿ ಕೊಟ್ಟೆ, ಖುದ್ದಾಗಿ ಹೋಗಿ ಕೇಳಿದೆ. ರಸ್ತೆಯವರು ಪೊಲೀಸರನ್ನು ಕೇಳಿ ಎಂದರು, ಪೊಲೀಸರು ಪಂಚಾಯಿತಿಯನ್ನು ಕೇಳಿ ಎಂದರು. ಪಂಚಾಯಿತಿಯಲ್ಲಿ ಒಬ್ಬರು ನಗುತ್ತ, “ಮೇಡಂ, ಮಂದೀನೇ ಕಲ್ಲು ಇಟ್ಟು ಮಂದೀನೇ ಬಿದ್ರ ಸರ್ಕಾರ ಏನ್ ಮಾಡ್ತದ್ರಿ?” ಎಂದು ಚಹಾ ತರಿಸಿದರು. ಚಹಾ ಕುಡಿಯದೆ ಎದ್ದು ಬಂದೆ. ಕಣದ ಮೇಲಿನ ಕಲ್ಲು ಇನ್ನೂ ಅಲ್ಲೇ ಇದೆ, ಅದರ ಸಂದಿಯಲ್ಲಿ ಈಗ ಗಿಡಗಂಟಿ ಬೆಳೆದಿವೆ.

ಆ ಸವಾರನ ವಿಷಯದಲ್ಲೂ ನಾನು ಸುಮ್ಮನೆ ಕೂರಲಿಲ್ಲ. ಮತ್ತೆ ಮತ್ತೆ ಆ ಸೇತುವೆಯ ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನು ನೋಡಿದ್ದೇನೆ. ಕಲ್ಲಿನ ಸಾಲು ಕಂಡವರಲ್ಲಿ ಕೆಲವರು ಎದುರಿನವರಿಗೆ ದೀಪ ಮಿಣುಕಿಸುತ್ತಾರೆ, ಕೆಲವರು ಕೈ ಬೀಸುತ್ತಾರೆ, ಕೆಲವರು ಬಲಗಾಲು ಚಾಚುತ್ತಾರೆ. ಎಡಗಾಲು ಚಾಚಿದವನೊಬ್ಬನೂ ನನಗೆ ಸಿಗಲಿಲ್ಲ. ಇದು ಪುರಾವೆಯಲ್ಲ ಎಂಬುದನ್ನು ಬಲ್ಲೆ. ಬೇಲಿಯಲ್ಲಿ ನನ್ನ ಕಣ್ಣಿಗೆ ಬೀಳದ ಸಂದಿಯೊಂದು ಇದ್ದಿರಬಹುದು. ಕಲ್ಲು ಕಂಡು, ಹಾಸಿನ ಮೇಲೆ ಹೋಗಲು ಹೆದರಿ ತಿರುಗಿ ಬಂದವನೂ ಆಗಿರಬಹುದು. ಆದರೆ ಹಾಗೆ ಬಂದವನು ಮೊದಲು ನಮ್ಮ ಮುಂದೆಯೇ ಹೋಗಿರಬೇಕಿತ್ತು, ಗುಂಡಮ್ಮನ ಕಣ್ಣಿಗೆ ಬೀಳಬೇಕಿತ್ತು. ಒಂದೊಂದು ಉತ್ತರಕ್ಕೂ ಒಂದೊಂದು ಮುಳ್ಳು. ಹಾಸ್ಟೆಲಿನಲ್ಲಿ ನಾನು ಕೇಳುತ್ತಿದ್ದ ಎರಡನೆಯ ಸಾಕ್ಷಿ ಇಲ್ಲಿ ನನ್ನ ಅವ್ವ, ಮತ್ತು ಅವಳು ತನ್ನ ಮಾತನ್ನು ಒಂದಕ್ಷರವೂ ಬದಲಿಸಿಲ್ಲ. ಇಂದಿಗೂ ಆ ರಸ್ತೆಯಲ್ಲಿ ಹೋಗುವಾಗ ಎದುರು ಬರುವವರ ಮುಖ ಬಿಟ್ಟು ಕಾಲನ್ನೇ ನೋಡುತ್ತೇನೆ. ಇದು ಅಪಾಯಕಾರಿ ಚಟವೆಂದು ಗೊತ್ತು. ಬಿಡಲಾಗುತ್ತಿಲ್ಲ.

ಆ ಸಂಜೆ ತಿರುವಿನಾಚೆ ಅಪಾಯವಿದೆ ಎಂದು ಎಚ್ಚರಿಸುವ ಕೆಲಸವನ್ನು ಯಾರೋ ಮಾಡಿದರು. ಮಾಡಿದವರು ಯಾರೆಂದು ನನಗೆ ಗೊತ್ತಿಲ್ಲ. ಮಾಡಬೇಕಾದವರು ಮಾಡಲಿಲ್ಲ ಎಂಬುದು ಮಾತ್ರ ಗೊತ್ತು.

ಆದ್ದರಿಂದ, ಈ ರಸ್ತೆಯ ಹೊಣೆ ಹೊತ್ತ ಅಧಿಕಾರಿಗಳಲ್ಲಿ ನನ್ನ ವಿನಂತಿ ಇದು. ಊರ ಕಣದ ಮೇಲೆ ಸುರಿದ ಕಲ್ಲನ್ನು, ಸುರಿದವರ ಕೈಯಿಂದಲೇ ತೆಗೆಸಿ, ಮುಂದಿನ ಸುಗ್ಗಿಗೆ ಮೊದಲು ಆ ಕಣವನ್ನು ಊರಿಗೆ ಮರಳಿಸಬೇಕು. ಅಲ್ಲಿಯವರೆಗೆ ರಾಶಿಯ ದಿನಗಳಲ್ಲಿ ಸಂಜೆ ಹೊತ್ತು ರಸ್ತೆಯನ್ನು ನೋಡಿ ಕಲ್ಲು ತೆರವು ಮಾಡಲು ಒಬ್ಬ ಮನುಷ್ಯನನ್ನು ನೇಮಿಸಬೇಕು. ಮಲ್ಲಿಕಾರ್ಜುನನ ಸಾವನ್ನು ಮತ್ತೆ ವಿಚಾರಣೆಗೆ ತೆಗೆದುಕೊಂಡು, ಆ ಕಲ್ಲು ಕಣಕ್ಕೆ ಹೇಗೆ ಬಂತು, ಕಣದಿಂದ ರಸ್ತೆಗೆ ಏಕೆ ಬಂತು ಎಂಬುದನ್ನು ದಾಖಲಿಸಿ, ‘ಸ್ವಂತ ನಿರ್ಲಕ್ಷ್ಯ’ ಎಂಬ ಮಾತನ್ನು ಅವನ ಹೆಸರಿನ ಮುಂದಿನಿಂದ ಅಳಿಸಬೇಕು. ತಮ್ಮ ಪಾಲಿನ ತಪ್ಪನ್ನು ಅವನ ತಂದೆತಾಯಿ ಒಪ್ಪಿಕೊಂಡಾಗಿದೆ, ತಮ್ಮ ಕೈಯಿಂದ ಕಲ್ಲನ್ನೂ ಎತ್ತಿದ್ದಾರೆ. ಉಳಿದ ಕಲ್ಲು, ಅಧಿಕಾರಿಗಳೇ, ತಮ್ಮದು. ದಯವಿಟ್ಟು ಲಿಖಿತವಾಗಿ ಉತ್ತರಿಸಬೇಕು, ಮತ್ತು ಆ ಉತ್ತರವನ್ನು ನನಗಲ್ಲ, ಗುಂಡಮ್ಮನ ಕೈಗೆ ತಲುಪಿಸಬೇಕೆಂದು ಕೋರುತ್ತೇನೆ.