ಉಳ ಮುಟ್ತು

ಶಾಲಾ ಶಿಕ್ಷಕರಿಗೆ ವನ್ಯಜೀವಿ ಪರಿಚಯದ ತರಬೇತಿ, ಮೂರು ದಿನ, ತಪ್ಪಿಸುವಂತಿಲ್ಲ ಅಂತ ಆದೇಶ ಬಂದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಐವತ್ತರ ಹತ್ತಿರದ ಹೆಂಗಸು ನಾನು, ಮಂಡಿನೋವು ಬೇರೆ. ಹಾಸನದಲ್ಲಿ ಎರಡು ದಿನ ಕೂರಿಸಿ ಹಕ್ಕಿ, ಚಿಟ್ಟೆ, ಪ್ರಾಣಿಗಳ ಹೆಜ್ಜೆಗುರುತು ಅಂತ ಹೇಳಿಕೊಟ್ಟರು. ಮೂರನೆಯ ದಿನ ಬೆಳಿಗ್ಗೆ ವ್ಯಾನಿಗೆ ತುಂಬಿಕೊಂಡು ಮೊಸಳೆ ಅನ್ನುವ ಊರಿನ ಕಡೆಗೆ ಹೊರಡಿಸಿದರು. ಮೊಸಳೆಯಲ್ಲಿ ಮೊಸಳೆಯೊಂದು ಬಿಟ್ಟು ಮಿಕ್ಕಿದ್ದೆಲ್ಲ ನೋಡಬಹುದು ಅಂತ ಚನ್ನರಾಯಪಟ್ಟಣದ ಟೀಚರೊಬ್ಬರು ತಮಾಷೆ ಮಾಡಿದರು. ನಾನು ನಗಲಿಲ್ಲ. ಇವತ್ತು ಹಾವಿನ ಪಾಠ ಅಂತ ಹಿಂದಿನ ದಿನವೇ ಹೇಳಿದ್ದರು.

ಆರು ವರ್ಷದ ಹಿಂದೆ ನಾನು ರಾಮನಾಥಪುರದ ಹತ್ತಿರ ಒಂದು ಹಳ್ಳಿ ಶಾಲೆಯಲ್ಲಿದ್ದೆ. ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ನಾಲ್ಕನೇ ಕ್ಲಾಸಿನ ಹುಡುಗಿ ಮೇಜಿನ ಹತ್ತಿರ ಬಂದು ಕೈ ಚಾಚಿದಳು.

"ಮಿಸ್, ಸೌದೆ ಎತ್ವಾಗ ಉಳ ಮುಟ್ತು."

ಉಳ ಅಲ್ಲ, ಹುಳ ಅನ್ನು ಅಂದೆ. ಹುಳ ಅಂದಳು, ಪಾಪ. ಕೈಯಲ್ಲಿ ಬಾವಿಲ್ಲ, ರಕ್ತವಿಲ್ಲ, ಕಣ್ಣಲ್ಲಿ ನೀರೂ ಇಲ್ಲ. ಕಂಬಳಿಹುಳ ಇರಬೇಕು, ಸುಣ್ಣ ಹಚ್ಚಿಕೊಂಡು ಕೂತ್ಕೋ ಹೋಗು ಅಂತ ಕಳಿಸಿದೆ. ಅವಳ ಅವ್ವ ಅಷ್ಟು ಹೊತ್ತಿಗಾಗಲೇ ಹೊಗೆಸೊಪ್ಪಿನ ಕೂಲಿಗೆ ಹೋಗಿದ್ದಳು. ಹುಡುಗಿ ಹೇಳಿದ್ದು ನನಗೊಬ್ಬಳಿಗೇ. ಎರಡನೇ ಪೀರಿಯಡ್ಡಿನಲ್ಲಿ ತೂಕಡಿಸುತ್ತಿದ್ದವಳನ್ನು ಎಬ್ಬಿಸಿ ನಿಲ್ಲಿಸಿ ಬೈದೆ. ರೆಪ್ಪೆ ಎತ್ತಲು ಆಗುತ್ತಿರಲಿಲ್ಲ ಮಗುವಿಗೆ, ನಾನು ಸೋಮಾರಿತನ ಅಂದುಕೊಂಡೆ. ಮಧ್ಯಾಹ್ನ ಊಟದ ತಟ್ಟೆ ಅವಳ ಕೈಯಿಂದ ಜಾರಿ ಬಿದ್ದಾಗಲೇ ಎಲ್ಲರಿಗೂ ಗಾಬರಿಯಾಗಿದ್ದು. ಆಟೋದಲ್ಲಿ ಅರಕಲಗೂಡಿಗೆ ಹೊತ್ತುಕೊಂಡು ಹೋದೆವು. ಅಲ್ಲಿಂದ ಹಾಸನಕ್ಕೆ ಸಾಗಿಸುವಾಗ ದಾರಿಯಲ್ಲೇ ಜೀವ ಹೋಯಿತು. ಕಟ್ಟುಹಾವು, ಅದು ಕಚ್ಚಿದರೆ ಅಷ್ಟಾಗಿ ನೋವೂ ಆಗುವುದಿಲ್ಲ ಅಂದರು ಡಾಕ್ಟರು.

ಮಣ್ಣು ಮಾಡಿದ ದಿನ ಅವಳ ಅವ್ವ ಎದೆ ಬಡಿದುಕೊಂಡು ಸತ್ತ ಮಗುವನ್ನೇ ಬೈಯುತ್ತಿದ್ದಳು. ಬಾಯಿಬಿಡದ ಮುಂಡೇದು, ಯಾರಿಗಾದರೂ ಒಂದು ಮಾತು ಹೇಳಬಾರದಾಗಿತ್ತೇ ಅಂತ. ಊರವರೂ ಅದನ್ನೇ ಅಂದರು. ನಾನು ಅಲ್ಲೇ ನಿಂತಿದ್ದೆ, ಬಾಯಿ ಹೊಲಿದ ಹಾಗೆ. ಹೇಳಿದ್ದೇನೋ ಹೇಳಿತು, ಹುಳ ಅಂತ ತಾನೇ ಹೇಳಿದ್ದು? ಹಾವು ಅಂತ ಆ ಮಗುವಿಗೇ ಗೊತ್ತಿಲ್ಲದಿದ್ದಾಗ ನನಗೆ ಹೇಗೆ ಗೊತ್ತಾಗಬೇಕು? ಹೀಗೆ ಸಮಾಧಾನ ಮಾಡಿಕೊಂಡು ಆರು ವರ್ಷ ಅನ್ನ ತಿಂದೆ. ಆದರೂ ಬೇರೆ ಶಾಲೆಗೆ ವರ್ಗವಾಗಿ ಬಂದ ಮೇಲೂ ಹಾಜರಿ ಕೂಗುವಾಗ ಹನ್ನೊಂದನೆಯ ನಂಬರಿಗೆ ನನ್ನ ಕಿವಿ ಅವಳ ದನಿಗೇ ಕಾಯುತ್ತದೆ. ಯಾವ ಮಗು ತೂಕಡಿಸಿದರೂ ಓಡಿಹೋಗಿ ರೆಪ್ಪೆ ಎತ್ತಿ ನೋಡುತ್ತೇನೆ. ಮಿಸ್‌ಗೆ ತಲೆ ಕೆಟ್ಟಿದೆ ಅಂತ ಮಕ್ಕಳು ನಗುತ್ತವೆ.

ಮೊಸಳೆಯಲ್ಲಿ ಇಳಿದು ಬದುವಿನ ಮೇಲೆ ಸಾಲಾಗಿ ನಡೆಯುತ್ತಿದ್ದೆವು. ನನ್ನ ಮುಂದಿದ್ದ ಹೊಳೆನರಸೀಪುರದ ಮೇಷ್ಟ್ರು ತಟ್ಟನೆ ನಿಂತು ಕೈ ಅಡ್ಡ ಹಿಡಿದರು.

"ಉಳ ಅದೆ ಮೇಡಂ, ಅಂಗೇ ನಿಂತ್ಕಳಿ."

ನಾನು ಪಕ್ಕದ ಎಕ್ಕದ ಗಿಡದಲ್ಲಿ ಹುಡುಕಿದೆ. ಎಲೆ ಮಗುಚಿ ಕೂಡ ನೋಡಿದೆ. ಎಲ್ಲಿ ಹುಳ ಅಂತ ಕೇಳಿದರೆ ಅವರು ನೆಲ ತೋರಿಸಿದರು. ಮಾರುದ್ದದ ಕೇರೆಹಾವು ದಾರಿ ದಾಟುತ್ತಿತ್ತು.

ಅದು ಹುಲ್ಲು ಸೇರಿದ ಮೇಲೆ ಅವರು ನಗುತ್ತ ಬಿಡಿಸಿ ಹೇಳಿದರು. "ಹೆಸ್ರೆತ್ತಿದ್ರೆ ಬತ್ತದೆ ಅಂತ ನಮ್ ಕಡೆ ಉಳ ಅಂತಲೇ ಅನ್ನೋದು. ಕಚ್ತು ಅಂತಲೂ ಅನ್ನಕಿಲ್ಲ, ಮುಟ್ತು ಅಂತೀವಿ."

ಹಾಸನದ ಪೇಟೆಯಲ್ಲಿ ಬೆಳೆದವಳು ನಾನು. ನಮ್ಮ ಮನೆಯಲ್ಲಿ ಹಾವಿಗೆ ಹಾವೇ ಅನ್ನುತ್ತಿದ್ದರು. ಆ ಹಳ್ಳಿಯಲ್ಲಿ ನಾಲ್ಕು ವರ್ಷ ಪಾಠ ಮಾಡಿದ್ದೆ, ಮಕ್ಕಳಿಗೆಲ್ಲ ಹಕಾರ ತಿದ್ದಿದ್ದೆ. ಮಗುವಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ನನ್ನ ಹತ್ತಿರ ಬಂದಿತ್ತು. ಬದುವಿನ ಮೇಲೇ ಕೂತುಬಿಟ್ಟೆ. ಬಿಸಿಲಿಗೆ ತಲೆ ಸುತ್ತಿರಬೇಕು ಅಂತ ಯಾರೋ ನೀರು ಕೊಟ್ಟರು.

ಆ ಭಾನುವಾರ ರಾಮನಾಥಪುರದ ಬಸ್ಸು ಹತ್ತಿದೆ. ಅವಳ ಅವ್ವ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಮಿಸ್ಸೋರು ಬಂದರು ಅಂತ ಚಾಪೆ ಹಾಸಿ, ಕಾಪಿ ಕಾಯಿಸಲು ಎದ್ದಳು. ಕಾಪಿ ಬೇಡ, ಕೂತ್ಕೊಳಮ್ಮ ಅಂದೆ. ಮಗು ಬಂದು ಹೇಳಿದ್ದು, ನಾನು ಮಾತು ತಿದ್ದಿದ್ದು, ಸುಣ್ಣ ಹಚ್ಚಿಕೋ ಅಂದಿದ್ದು, ಮಣ್ಣಿನ ದಿನ ಬಾಯಿ ಮುಚ್ಚಿಕೊಂಡು ನಿಂತಿದ್ದು, ಒಂದೂ ಬಿಡದೆ ಹೇಳಿದೆ.

ಅವಳು ಒಂದು ಅವರೆಕಾಯಿ ಎತ್ತಿಕೊಂಡು ಸುಲಿದಳು. ಆಮೇಲೆ ನನ್ನ ಕಡೆ ನೋಡದೆ ಮಾತಾಡಿದಳು.

"ಅಂಗಾರೆ ನನ್ ಮಗು ಯೋಳಿತ್ತು. ನಾನೇ ವರ್ಸಾ ವರ್ಸಾ ಎಡೆ ಇಕ್ವಾಗ್ಲೂ ಅದುನ್ನ ಬಯ್ಕಂಡು ಇಕ್ಕಿದ್ನಲ್ಲ."

ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅಲ್ಲಿಂದ ಎದ್ದು ಬರಲು ಆಗುತ್ತಿತ್ತು.